ಅಂಗಡಿ ಕಿಟಕಿಯ ಚಾಕು, ಕಾಯ್ದೆಯಲ್ಲಿ ಇಲ್ಲದ ಪದ

1959ರ ಅಕ್ಟೋಬರ್. ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ಒಂದು ಅಂಗಡಿ. ಗಾಜಿನ ಕಿಟಕಿಯಲ್ಲಿ ಒಂದು ಚಾಕು, ಪಕ್ಕದಲ್ಲಿ ಚೀಟಿ: ‘ಎಜೆಕ್ಟರ್ ನೈಫ್, 4 ಶಿಲಿಂಗ್’. ಗುಂಡಿ ಒತ್ತಿದರೆ ಸರಕ್ಕನೆ ಅಲಗು ಹೊರಬರುವ ಚಾಕು ಅದು. ಇಂಥದ್ದನ್ನು ತಯಾರಿಸಬಾರದು, ಮಾರಬಾರದು, ‘ಮಾರಾಟಕ್ಕೆ ಆಫರ್’ ಮಾಡಬಾರದು ಎಂದು ಅದೇ ವರ್ಷ ಕಾಯ್ದೆ ಬಂದಿತ್ತು. ದಾರಿಯಲ್ಲಿ ಹೋಗುತ್ತಿದ್ದ ಪೊಲೀಸಿನವರ ಕಣ್ಣಿಗೆ ಬಿತ್ತು. ಅಂಗಡಿಯವನ ಮೇಲೆ ಕೇಸಾಯಿತು.

ಗೆಲ್ಲಬೇಕಿದ್ದ ಕೇಸು, ಅಲ್ವಾ? ಸೋತಿತು. ‘ಆಫರ್’ ಎಂಬ ಒಂದೇ ಪದ ಕೈಕೊಟ್ಟಿತು. ಒಪ್ಪಂದದ ಕಾನೂನಿನಲ್ಲಿ ಆಫರ್ ಅಂದರೆ, ಎದುರಿನವರು ‘ಆಗಲಿ’ ಅಂದ ಕೂಡಲೇ ಕುದುರಿಹೋಗುವ ವ್ಯವಹಾರ. ಕಿಟಕಿಯಲ್ಲಿ ಇಟ್ಟ ಸಾಮಾನು ಬರೀ ‘ಬನ್ನಿ, ನೋಡಿ’ ಅನ್ನುವ ಕರೆ. ಗಿರಾಕಿ ಒಳಗೆ ಬಂದು ಕೇಳಬೇಕು. ಆಗಲೂ ಅಂಗಡಿಯವನು ಕೊಡಲ್ಲ ಅನ್ನಬಹುದು. ಮುಖ್ಯ ನ್ಯಾಯಮೂರ್ತಿ ಲಾರ್ಡ್ ಪಾರ್ಕರ್ ಅವರಿಗೂ ಮೊದಲ ನೋಟಕ್ಕೆ ಇದು ಅಸಂಬದ್ಧ ಅನಿಸಿತು. ಆದರೆ ಬೇರೆ ಕಾಯ್ದೆಗಳಲ್ಲಿ ‘ಮಾರಾಟಕ್ಕೆ ಪ್ರದರ್ಶಿಸುವುದು’ ಎಂದೇ ಬರೆದಿರುತ್ತಿದ್ದರು. ಇಲ್ಲಿ ಬರೆದಿರಲಿಲ್ಲ. ಬಿಟ್ಟುಹೋದದ್ದನ್ನು ಕೋರ್ಟ್ ತುಂಬುವಂತಿಲ್ಲ ಎಂದರು. ಪಾರ್ಲಿಮೆಂಟ್ 1961ರಲ್ಲಿ ಆ ಪದವನ್ನು ಸೇರಿಸಿತು.

ತುಂಬ ಜನ ಈ ತೀರ್ಪನ್ನು ಕಾನೂನಿನ ಕೂದಲು ಸೀಳುವಿಕೆ ಅನ್ನುತ್ತಾರೆ. ನನಗೆ ಹಾಗನಿಸಲ್ಲ. ಒಬ್ಬ ಮನುಷ್ಯನನ್ನು ಅಪರಾಧಿ ಎಂದು ಕರೆಯುವ ಮೊದಲು, ಅವನು ಮಾಡಿದ್ದು ತಪ್ಪು ಎಂದು ಎಲ್ಲಾದರೂ ಬರೆದಿರಬೇಕು.

ಹಾಗಂತ ಬರೆಯುವವರೇನೂ ಸುಮ್ನೆ ಗೀಚುವುದಿಲ್ಲ. ಅಲ್ಲಿ ಸರ್ಕಾರದ ಮಸೂದೆ ಬರೆಯಲೆಂದೇ 1869ರಿಂದ ಪ್ರತ್ಯೇಕ ವಕೀಲರ ಕಚೇರಿ ಇದೆ. ಮಸೂದೆ ಎರಡೂ ಸದನಗಳಲ್ಲಿ ಮೂರು ಮೂರು ವಾಚನ ದಾಟಬೇಕು. ನಡುವೆ ಸಮಿತಿ ಕೂತು ಒಂದೊಂದೇ ಸಾಲು ನೋಡುತ್ತದೆ. ಕೊನೆಗೆ ರಾಜಮುದ್ರೆ, 1708ರಿಂದ ಈಚೆಗೆ ಯಾವ ದೊರೆಯೂ ಇಲ್ಲ ಅಂದಿಲ್ಲ. ಇಷ್ಟೆಲ್ಲ ಜರಡಿ ಹಿಡಿದರೂ ನಾಳೆ ಯಾವ ಅಂಗಡಿಯ ಯಾವ ಕಿಟಕಿ ಎದುರಾಗುತ್ತದೋ ಯಾರಿಗೂ ತಿಳಿದಿರುವುದಿಲ್ಲ.

ಬರೆದ ಪದ ಮುಖ್ಯವೋ, ಅದರ ಹಿಂದಿನ ಉದ್ದೇಶವೋ ಎಂಬ ಈ ಎಳೆದಾಟ ಹಳೆಯದು. 1584ರ ಹೇಡನ್ ಕೇಸಿನಲ್ಲಿ ನ್ಯಾಯಾಧೀಶರು ನಾಲ್ಕು ಪ್ರಶ್ನೆ ಹಾಕಿಕೊಂಡರು. ಮೊದಲು ಕಾನೂನು ಹೇಗಿತ್ತು? ಯಾವ ಕೆಡುಕಿಗೆ ಅದರಲ್ಲಿ ಮದ್ದು ಇರಲಿಲ್ಲ? ಪಾರ್ಲಿಮೆಂಟ್ ಏನು ಮದ್ದು ಕೊಟ್ಟಿತು? ಯಾಕೆ ಕೊಟ್ಟಿತು? ನಮ್ಮ ಸುಪ್ರೀಂ ಕೋರ್ಟ್ ಕೂಡ 1955ರ ಬೆಂಗಾಲ್ ಇಮ್ಯುನಿಟಿ ತೀರ್ಪಿನಲ್ಲಿ ಇದೇ ನಾಲ್ಕು ಪ್ರಶ್ನೆಗಳನ್ನು ಕೈಗೆತ್ತಿಕೊಂಡಿತು.

ಇಂಗ್ಲೆಂಡಿನಲ್ಲಿ ಆಮೇಲೆ ಗಾಳಿ ಪದಗಳ ಕಡೆ ತಿರುಗಿತು. 1868ರಲ್ಲಿ ಸತ್ತವನ ಹೆಸರಿನಲ್ಲಿ ಮತ ಹಾಕಿದ ಒಬ್ಬ ಪಾರಾದ. ‘ಮತದ ಹಕ್ಕುಳ್ಳ ವ್ಯಕ್ತಿ’ಯ ವೇಷ ಹಾಕುವುದು ಅಪರಾಧವಾಗಿತ್ತು, ಸತ್ತವನಿಗೆ ಮತದ ಹಕ್ಕು ಎಲ್ಲಿಯದು? 1950ರಲ್ಲಿ ಲಾರ್ಡ್ ಡೆನ್ನಿಂಗ್, ಕಾಯ್ದೆಯ ತೂತು ಮುಚ್ಚುವುದು ನಮ್ಮ ಕೆಲಸವೇ ಎಂದರು. ಮರುವರ್ಷ ಮೇಲಿನ ಕೋರ್ಟಿನಲ್ಲಿ ಲಾರ್ಡ್ ಸೈಮಂಡ್ಸ್, ಅದು ಶಾಸಕಾಂಗದ ಅಧಿಕಾರವನ್ನು ನೇರವಾಗಿ ಕಿತ್ತುಕೊಂಡಂತೆ ಎಂದು ಚುರುಕು ಮುಟ್ಟಿಸಿದರು.

ಹಳೆಯ ಇನ್ನೊಂದು ನಿಯಮವೂ ಇತ್ತು. ಪಾರ್ಲಿಮೆಂಟಿನ ಚರ್ಚೆ ಅಚ್ಚಾಗುವ ಹನ್ಸಾರ್ಡ್ ಪುಸ್ತಕವನ್ನು ತೆರೆದು, ‘ಮಂತ್ರಿ ಹೀಗೆ ಹೇಳಿದ್ದರು’ ಎಂದು ಕೋರ್ಟಿನಲ್ಲಿ ವಾದಿಸುವಂತಿರಲಿಲ್ಲ. ಆ ಬಾಗಿಲನ್ನು ತೆರೆಸಿದ್ದು ಮಾಲ್ವರ್ನ್ ಕಾಲೇಜ್ ಎಂಬ ಶಾಲೆಯ ಮೇಷ್ಟ್ರುಗಳು. ಅವರ ಮಕ್ಕಳಿಗೆ ಅಲ್ಲಿ ಐದರಲ್ಲಿ ಒಂದು ಪಾಲು ಫೀಸು. ಈ ರಿಯಾಯಿತಿಗೆ ತೆರಿಗೆ ಎಷ್ಟು? ಸಿಬ್ಬಂದಿಗೆ ಕೊಟ್ಟ ಸವಲತ್ತಿನ ‘ವೆಚ್ಚ’ ಲೆಕ್ಕ ಹಾಕಿ ಎನ್ನುತ್ತಿತ್ತು 1976ರ ಕಾಯ್ದೆ. ಶಾಲೆಯ ಒಟ್ಟು ಖರ್ಚನ್ನು ತಲೆಗೆ ಹಂಚಿ ಎಂದಿತು ತೆರಿಗೆ ಇಲಾಖೆ. ಮೇಷ್ಟ್ರುಗಳ ಮಾತು ಬೇರೆ: ಶಾಲೆ ಹೇಗೂ ನಡೆಯುತ್ತದೆ, ಸೀಟು ಖಾಲಿ ಇತ್ತು, ನಮ್ಮ ಮಗುವಿನಿಂದ ಹೆಚ್ಚಿಗೆ ಆದದ್ದು ಊಟ, ಬಟ್ಟೆ ಒಗೆತ, ಪುಸ್ತಕ ಇಷ್ಟೇ. ಅದನ್ನು ನಾವು ಕಟ್ಟಿದ ಫೀಸೇ ತುಂಬಿಕೊಡುತ್ತದೆ.

ಬರೀ ಪದ ನೋಡಿದರೆ ಇಲಾಖೆಯೇ ಗೆಲ್ಲುವ ಹಾಗಿತ್ತು. ಆದರೆ 1976ರ ಚರ್ಚೆಯಲ್ಲಿ ಮಂತ್ರಿ ರಾಬರ್ಟ್ ಶೆಲ್ಡನ್ ಅವರಿಗೆ ಶಾಲಾ ಸಿಬ್ಬಂದಿಯ ಮಕ್ಕಳ ಬಗ್ಗೆಯೇ ಪ್ರಶ್ನೆ ಬಂದಿತ್ತು. ತೆರಿಗೆ ಶಾಲೆಗೆ ಆಗುವ ವೆಚ್ಚದ ಮೇಲೆ, ಆ ವೆಚ್ಚ ತೀರಾ ಕಡಿಮೆ ಎಂದು ಅವರು ಉತ್ತರಿಸಿದ್ದರು. ಕೇಸನ್ನು ಅಂದಿನ ಅತ್ಯುನ್ನತ ಕೋರ್ಟಾದ ಹೌಸ್ ಆಫ್ ಲಾರ್ಡ್ಸ್‌ನ ಏಳು ನ್ಯಾಯಾಧೀಶರ ಮುಂದೆ ಮತ್ತೆ ವಾದಿಸಲಾಯಿತು. 1992ರ ನವೆಂಬರಿನಲ್ಲಿ ತೀರ್ಪು ಬಂತು: ಕಾಯ್ದೆಯ ಮಾತು ಗೊಂದಲವಾಗಿದ್ದರೆ ಅಥವಾ ಅಸಂಬದ್ಧ ಅರ್ಥಕ್ಕೆ ಎಳೆದರೆ, ಮಸೂದೆ ತಂದವರೇ ಸ್ಪಷ್ಟವಾಗಿ ಹೇಳಿದ್ದರೆ, ಹನ್ಸಾರ್ಡ್ ನೋಡಬಹುದು. ಮೇಷ್ಟ್ರುಗಳು ಗೆದ್ದರು. ಆ ಏಳು ಜನರಲ್ಲಿ ಒಬ್ಬರಾದ ಲಾರ್ಡ್ ಚಾನ್ಸಲರ್ ಮ್ಯಾಕೇ ಮಾತ್ರ ಹನ್ಸಾರ್ಡ್ ವಿಷಯದಲ್ಲಿ ಒಪ್ಪಲಿಲ್ಲ. ಇನ್ನು ಪ್ರತಿ ಕೇಸಿಗೂ ವಕೀಲರು ಚರ್ಚೆಗಳನ್ನು ಕೆದಕುತ್ತಾರೆ, ಆ ಖರ್ಚು ಕಕ್ಷಿದಾರರ ತಲೆಗೆ ಬರುತ್ತದೆ ಎಂಬುದು ಅವರ ಚಿಂತೆ.

ಆ ಮೇಷ್ಟ್ರುಗಳು ಗೆದ್ದದ್ದು ನನಗೆ ಖುಷಿ. ಮಂತ್ರಿ ಸದನದಲ್ಲಿ ಭರವಸೆ ಕೊಡುವುದು, ಇಲಾಖೆ ಆಮೇಲೆ ಬೇರೆಯದನ್ನೇ ವಸೂಲು ಮಾಡುವುದು ಸರಿಯಲ್ಲ. ಆದರೂ ಮ್ಯಾಕೇ ಅವರ ಮಾತನ್ನು ತಳ್ಳಿಹಾಕಲು ಮನಸ್ಸು ಬರುವುದಿಲ್ಲ. ಆ ಕಿಟಕಿಯಲ್ಲಿ ಚಾಕು ಇಟ್ಟವನು ಹನ್ಸಾರ್ಡ್ ಓದಿಕೊಂಡು ಅಂಗಡಿ ತೆರೆಯುವುದು ಆಗದ ಮಾತು.

ಮುಂದಿನ ವರ್ಷಗಳಲ್ಲಿ ಕೋರ್ಟುಗಳು ಆ ಬಾಗಿಲನ್ನು ಅರ್ಧಕ್ಕರ್ಧ ಮುಂದೆ ಮಾಡಿವೆ. 2022ರಲ್ಲಿ ಬ್ರಿಟನ್ನಿನಲ್ಲೇ ಹುಟ್ಟಿದ ಒಂದು ಮಗುವಿನ ಪೌರತ್ವ ನೋಂದಣಿಯ ಕೇಸು ಅಲ್ಲಿನ ಸುಪ್ರೀಂ ಕೋರ್ಟಿಗೆ ಬಂತು. ಶುಲ್ಕ ಸಾವಿರ ಪೌಂಡಿನ ಆಸುಪಾಸು. ಅರ್ಜಿ ನೋಡಲು ಸರ್ಕಾರಕ್ಕೆ ತಗಲುವ ಖರ್ಚು ಅದರ ಅರ್ಧವೂ ಅಲ್ಲ. ಕಾಯ್ದೆಯಲ್ಲಿ ಓದಿದ್ದನ್ನು ಜನ ನಂಬಿಕೊಳ್ಳುವ ಹಾಗಿರಬೇಕು, ಆದ್ದರಿಂದ ಪದಗಳೇ ಮೊದಲು ಎಂದು ಬರೆದರು ಲಾರ್ಡ್ ಹಾಡ್ಜ್. ಅಷ್ಟು ಶುಲ್ಕ ಹಾಕುವ ಅಧಿಕಾರ ಕಾಯ್ದೆಯ ಪದಗಳಲ್ಲೇ ಇತ್ತು. ಮಗು ಸೋತಿತು.