ತಿಂಗಳ ಸಂಬಳದ ಕುಕ್‌ಗೆ ಓಟಿ (ಓವರ್‌ಟೈಮ್ ದುಡ್ಡು) ಇಲ್ವಾ?

ಪ್ರಶ್ನೆ: "ರೆಸ್ಟೋರೆಂಟ್ ಕಿಚನ್‌ನಲ್ಲಿ ಕುಕ್ ಆಗಿದೀನಿ ಸಾರ್, ದಿನಾ ಹನ್ನೆರಡು ಗಂಟೆ ಆಗುತ್ತೆ. ತಿಂಗಳ ಸಂಬಳದವರಿಗೆ ಓಟಿ ಇಲ್ಲ ಅಂತಾರೆ ಓನರ್, ನಿಜಾನಾ?"

ಸುಳ್ಳು. ಎಷ್ಟು ಸಲ ಬರೆದ್ರೂ ಮತ್ತೆ ಇದೇ ಪ್ರಶ್ನೆ ಬರುತ್ತೆ, ಅದಕ್ಕೆ ಈ ಸಲ ಉದ್ದಕ್ಕೇ ಹೇಳಿಬಿಡ್ತೀನಿ.

ತಿಂಗಳ ಸಂಬಳ ಅಂದ್ರೆ ದುಡ್ಡು ಯಾವಾಗ ಕೈಗೆ ಬರುತ್ತೆ ಅನ್ನೋ ಲೆಕ್ಕ ಅಷ್ಟೇ, ಅದನ್ನ ತಗೊಂಡ ತಕ್ಷಣ ನಿಮ್ಮ ಹಗಲು ರಾತ್ರಿ ಎಲ್ಲಾ ಬರೆದುಕೊಟ್ಟ ಹಾಗೆ ಆಗಲ್ಲ. ಮಿತಿ, ರೇಟು ದೇಶದಿಂದ ದೇಶಕ್ಕೆ ಬೇರೆ ಇರುತ್ತೆ, ನಿಮ್ಮಲ್ಲಿ ಏನಿದೆ ಅಂತ ಲೇಬರ್ ಆಫೀಸಲ್ಲಿ ಕೇಳಿ. ಭಾರತದ 2019ರ ವೇತನ ಸಂಹಿತೆ ಓಟಿಗೆ ಕಡಿಮೆ ಅಂದ್ರೂ ಮಾಮೂಲಿ ರೇಟಿನ 2 ಪಟ್ಟು ಅನ್ನುತ್ತೆ, ಅಮೆರಿಕದಲ್ಲಿ 1938ರ ಕಾನೂನಿನ ಪ್ರಕಾರ ವಾರಕ್ಕೆ 40 ಗಂಟೆ ದಾಟಿದ್ಮೇಲೆ ಒಂದೂವರೆ ಪಟ್ಟು. ಎರಡರಲ್ಲೂ ತಿಂಗಳ ಸಂಬಳ ಅನ್ನೋ ಒಂದೇ ಕಾರಣಕ್ಕೆ ಕುಕ್‌ನ ಹೊರಗಿಟ್ಟಿಲ್ಲ, ಇಟ್ಟಿಲ್ಲ, ಇಟ್ಟಿಲ್ಲ!

ಇದು ನಡೀಲಿಲ್ಲ ಅಂದ್ರೆ ಎರಡನೇ ಬಾಣ ಬರುತ್ತೆ, "ನೀನೀಗ ಕಿಚನ್ ಮ್ಯಾನೇಜರ್ ಕಣಪ್ಪ, ನಿನಗೆಂಥ ಓಟಿ". ನಿಜವಾದ ಮ್ಯಾನೇಜರ್‌ಗೆ ಓಟಿ ಇಲ್ಲ ಅನ್ನೋ ಕಾನೂನು ಕೆಲವು ಕಡೆ ಇದೆ, ಒಪ್ಕೋತೀನಿ. ಆದ್ರೆ ಆಳು ಸೇರಿಸೋದು, ತೆಗೆಯೋದು, ಡ್ಯೂಟಿ ಹಾಕೋದು ನಿಮ್ಮ ಕೈಲಿದೆಯಾ? ಬೆಳಿಗ್ಗೆಯಿಂದ ಈರುಳ್ಳಿ ಹೆಚ್ಚಿ, ಬರ್ನರ್ ಮುಂದೆ ನಿಂತು, ಕೊನೇ ಆರ್ಡರ್ ಹೋದ್ಮೇಲೆ ಚಿಮಣಿ ಫಿಲ್ಟರ್‌ನ ಜಿಡ್ಡು ಉಜ್ಜೋನು ಕೋಟಿನ ಮೇಲೆ ಏನೇ ಬರೆಸ್ಕೊಂಡ್ರೂ ಮ್ಯಾನೇಜರ್ ಆಗಲ್ಲ. ಅಂದಹಾಗೆ ಆ ಜಿಡ್ಡು ಉಜ್ಜೋ ಟೈಮೂ ಡ್ಯೂಟಿನೇ, ಶಟರ್ ಎಳೆದಾಯ್ತು ಅಂತ ಗಂಟೆ ನಿಲ್ಲಲ್ಲ.

ಓನರ್‌ಗಳ ಈ ಧೈರ್ಯ ಸುಮ್ನೆ ಬಂದಿದ್ದೂ ಅಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ (ಐಎಲ್‌ಒ) 1930ರಲ್ಲಿ ಅಂಗಡಿ, ಆಫೀಸಿನವರ ಕೆಲಸದ ಗಂಟೆಗೆ ಒಪ್ಪಂದ ಮಾಡಿದಾಗ ಹೋಟೆಲ್, ರೆಸ್ಟೋರೆಂಟ್‌ನವರನ್ನ ಬಿಟ್ಟೇಬಿಟ್ಟಿತ್ತು, ಅವರಿಗಂತಲೇ ಒಂದು ಒಪ್ಪಂದ ಬರೋಕೆ 1991 ಆಗ್ಬೇಕಾಯ್ತು!

ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ಮಧ್ಯಾಹ್ನದ ಊಟಕ್ಕೂ ರಾತ್ರಿ ಊಟಕ್ಕೂ ಮಧ್ಯೆ ಗ್ಯಾಪ್ ಇರುತ್ತಲ್ಲ, ಅದು ಡ್ಯೂಟಿನಾ? ಮನೆಗೆ ಹೋಗಿ ಮಲಗೋ ಹಾಗಿದ್ರೆ ಸಾಮಾನ್ಯವಾಗಿ ಅಲ್ಲ. "ತರಕಾರಿ ಗಾಡಿ ಬರುತ್ತೆ, ಇಲ್ಲೇ ಇರು" ಅಂದ್ರೆ ಅದು ಅವರ ಟೈಮು, ನೀವು ಮೂಟೆ ಮೇಲೆ ಕೂತು ಮೊಬೈಲ್ ನೋಡ್ತಿದ್ರೂ ಸರಿ. ಹಾಗಾಗಿ ಬಂದಿದ್ದು, ಹೋಗಿದ್ದು, ನಡುವೆ ನಿಲ್ಲಿಸ್ಕೊಂಡಿದ್ದು ಎಲ್ಲಾ ಅವತ್ತವತ್ತೇ ನಿಮ್ಮದೇ ಬುಕ್ಕಲ್ಲಿ ಬರೆದಿಡಿ, ಅವರ ರಿಜಿಸ್ಟರ್‌ನಲ್ಲಿ ಎಲ್ಲಾ ದಿನಾನೂ ಎಂಟೇ ಗಂಟೆ ಇರುತ್ತೆ.