ವಿಕೇಂದ್ರೀಕರಣ: ಶಾಖೆ ತೆರೆಯುವುದಕ್ಕೆ ಬೇರೆ ಹೆಸರಿದೆ

ಮಂಗಳೂರಿನಲ್ಲಿ ಐಟಿ ಕಂಪನಿಯೊಂದು ಎರಡು ಮಹಡಿ ಬಾಡಿಗೆಗೆ ಹಿಡಿದರೆ ವಿಕೇಂದ್ರೀಕರಣ. ಬೆಂಗಳೂರಿನ ಇಲಾಖೆಯೊಂದು ಮಣಿಪಾಲದಲ್ಲಿ ಉಪಕಚೇರಿಯ ಟೇಪು ಕತ್ತರಿಸಿದರೂ ವಿಕೇಂದ್ರೀಕರಣ. ಉದ್ಯಮಗಳನ್ನು ರಾಜಧಾನಿಯ ಆಚೆಗೆ ಒಯ್ಯುವ ‘ಬಿಯಾಂಡ್ ಬೆಂಗಳೂರು’ ಯೋಜನೆಯ ಭಾಷಣಗಳಲ್ಲಂತೂ ಈ ಪದಕ್ಕೆ ಬಿಡುವೇ ಇಲ್ಲ. ಕೆಲಸಗಳು ಒಳ್ಳೆಯವೇ ಇರಬಹುದು. ಅವುಗಳ ಹೆಸರು ಮಾತ್ರ ವಿಸ್ತರಣೆ.

‘ಕೇಂದ್ರ’ ಗ್ರೀಕ್ ಮೂಲದ ಪದ. ಜ್ಯೋತಿಷದ ದಾರಿಯಲ್ಲಿ ಸಂಸ್ಕೃತಕ್ಕೆ ಬಂದು ಅಲ್ಲಿಂದ ನಮ್ಮ ಮನೆಯದಾಯಿತು. ಗ್ರೀಕಿನಲ್ಲಿ ಅದಕ್ಕೆ ಚೂಪಾದ ಮೊನೆ, ಕೈವಾರದ ಊರಿದ ಮುಳ್ಳು ಎಂಬ ಅರ್ಥಗಳಿದ್ದವು. ಮುಳ್ಳನ್ನು ವಿಧಾನಸೌಧದಲ್ಲೇ ಊರಿಟ್ಟು ಇನ್ನೊಂದು ಕಾಲನ್ನು ಮಂಗಳೂರಿನ ಪಣಂಬೂರಿನವರೆಗೆ ಚಾಚಿದರೆ ವೃತ್ತ ದೊಡ್ಡದಾಗುತ್ತದೆ, ಅಷ್ಟೇ.

1997ರ ಆಗಸ್ಟ್‌ನಲ್ಲಿ ಉಡುಪಿ ಪ್ರತ್ಯೇಕ ಜಿಲ್ಲೆಯಾಯಿತು. ಬೈಂದೂರಿನವರು ಸಹಿಗಾಗಿ ಮಂಗಳೂರಿನವರೆಗೆ ಅಲೆಯುವುದು ತಪ್ಪಿತು. ಇದನ್ನೂ ಅನೇಕರು ವಿಕೇಂದ್ರೀಕರಣವೆನ್ನುತ್ತಾರೆ. ಜಿಲ್ಲಾಧಿಕಾರಿಯನ್ನು ನೇಮಿಸುವವರು, ವರ್ಗ ಮಾಡುವವರು ಬೆಂಗಳೂರಿನವರೇ ಆಗಿರುವಾಗ ಹತ್ತಿರ ಬಂದದ್ದು ಸಹಿ, ಅಧಿಕಾರವಲ್ಲ. 2023ರ ಸರ್ಕಾರದಲ್ಲಿ ದಕ್ಷಿಣ ಕನ್ನಡದ ಉಸ್ತುವಾರಿ ಬೆಂಗಳೂರಿನ ಶಾಸಕರಿಗೆ, ಉಡುಪಿಯದು ಬೆಳಗಾವಿಯವರಿಗೆ ಹೋಯಿತು. ಉಸ್ತುವಾರಿ ಎಂಬ ಪದವಾದರೂ ಪ್ರಾಮಾಣಿಕವಾಗಿದೆ.

ಈ ಪದಕ್ಕೆ ನಿಜವಾಗಿ ಹತ್ತಿರವಾದದ್ದು ರಾಜ್ಯದ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಕಾಲದ ವ್ಯವಸ್ಥೆ. 1983ರ ಕಾಯ್ದೆ, 1987ರ ಚುನಾವಣೆ. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ, ಅವರ ಕೈಕೆಳಗೆ ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿ. ಯಾರು ಯಾರಿಗೆ ಉತ್ತರ ಹೇಳಬೇಕು ಎಂಬುದೇ ಅಲ್ಲಿ ತಲೆಕೆಳಗಾಗಿತ್ತು. ಆಮೇಲೆ ಪಂಚಾಯತ್‌ಗಳಿಗೆ ಸಂವಿಧಾನದ ಸ್ಥಾನ ಕೊಟ್ಟ 73ನೇ ತಿದ್ದುಪಡಿ ಬಂತು, ಅವುಗಳಿಗೆ ವಹಿಸಬಹುದಾದ 29 ವಿಷಯಗಳ ಪಟ್ಟಿಯೂ ಬಂತು. 2021ರಲ್ಲಿ ಅವಧಿ ಮುಗಿದ ಜಿಲ್ಲಾ ಪಂಚಾಯತ್‌ಗಳು ಮಾತ್ರ ಚುನಾವಣೆಯಿಲ್ಲದೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕೈಯಲ್ಲಿ ಉಳಿದವು.

ಇನ್ನು ವಿಕೇಂದ್ರೀಕರಣದ ಮಾತಿನ ಜೊತೆಗೇ ಬರುವ ಜೋಡಿಪದ, ‘ಸ್ಥಳೀಯ ನಾಯಕರ ಜಾಲ’. ವೇದಿಕೆಯ ಮೇಲೆ ಶಾಸಕರು, ವಾಣಿಜ್ಯ ಸಂಘದವರು, ಬಿಲ್ಡರ್‌ಗಳು ಸಾಲಾಗಿ ಕುಳಿತರೆ ಅದು ಜಾಲವಲ್ಲ, ಗಣ್ಯರ ಸಾಲು. ಕರಾವಳಿಗೆ ನಾಯಕರ ನಂಟಿನ ಬರ ಎಂದೂ ಇರಲಿಲ್ಲ. ಸಿಂಡಿಕೇಟ್ ಬ್ಯಾಂಕಿನ ಟಿ.ಎ. ಪೈ ಕೇಂದ್ರದ ಮಂತ್ರಿಯಾದರು; ಬಂದರು, ವಿಮಾನ ನಿಲ್ದಾಣ ಎಂದರೆ ಇಲ್ಲಿ ಇಂದಿಗೂ ಮೊದಲು ಬರುವ ಹೆಸರು ಸಂಸದ ಶ್ರೀನಿವಾಸ ಮಲ್ಯರದು. ಆದರೆ ಆ ಸಾಮರ್ಥ್ಯವೆಲ್ಲ ವ್ಯಯವಾದದ್ದು ದೆಹಲಿಯ ಬಾಗಿಲು ತೆರೆಸುವುದಕ್ಕೆ. ಮನವಿ ಹಿಡಿದು ಹೋಗುವ ಗುಂಪಿಗೆ ನಿಯೋಗ ಎಂಬ ಒಳ್ಳೆಯ ಪದ ನಮ್ಮಲ್ಲೇ ಇದೆ.

ಜಾಲ ಎಂದರೆ ಇದು: ಇಂಗ್ಲೆಂಡಿನ ಗ್ರೇಟರ್ ಮ್ಯಾಂಚೆಸ್ಟರಿನಲ್ಲಿ ಹತ್ತು ಸ್ಥಳೀಯ ಮಂಡಳಿಗಳು ದಶಕಗಳ ಕಾಲ ಪಕ್ಷಭೇದ ನುಂಗಿಕೊಂಡು ಒಟ್ಟಿಗೆ ಕೂತವು, ಉದ್ಯಮಿಗಳನ್ನೂ ಕೂರಿಸಿಕೊಂಡವು. 2011ರಲ್ಲಿ ಅವುಗಳ ಸಂಯುಕ್ತ ಪ್ರಾಧಿಕಾರ ರೂಪುಗೊಂಡಿತು, 2014ರಲ್ಲಿ ಲಂಡನ್ನಿನ ಸರ್ಕಾರದೊಂದಿಗೆ ಅಧಿಕಾರ ಹಸ್ತಾಂತರದ ಒಪ್ಪಂದವಾಯಿತು, 2017ರಲ್ಲಿ ಜನ ನೇರವಾಗಿ ಮೇಯರನ್ನು ಆರಿಸಿದರು. 2025ರ ಜನವರಿಯ ಹೊತ್ತಿಗೆ ಅಲ್ಲಿನ ಬಸ್ಸುಗಳ ಮಾರ್ಗ, ವೇಳೆ, ದರಗಳೆಲ್ಲ ಆ ಪ್ರಾಧಿಕಾರದ ಹಿಡಿತಕ್ಕೆ ಬಂದವು. ಓಡಿಸುವವರು ಗುತ್ತಿಗೆಯ ಖಾಸಗಿಯವರು. ಮಂಗಳೂರಿನ ಸಿಟಿ ಬಸ್ಸುಗಳನ್ನು ಓಡಿಸುವವರೂ ಹೆಚ್ಚಿನಂಶ ಖಾಸಗಿಯವರೇ. ಅವಕ್ಕೆ ಪರವಾನಗಿ ಕೊಡುವುದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಾರಿಗೆ ಪ್ರಾಧಿಕಾರ. ನಮ್ಮ ಮೇಯರ್‌ಗೆ ಇರುವ ಅವಧಿ ಒಂದು ವರ್ಷ; ಪಾಲಿಕೆಯ ಆಯುಕ್ತರನ್ನು ಕಳುಹಿಸುವುದು ರಾಜ್ಯ ಸರ್ಕಾರ. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಸುರತ್ಕಲ್‌ಗೆ ಇನ್ನೊಂದು ಬಸ್ ಬೇಕೆಂದರೆ ಮೇಯರೂ ಮನವಿಯನ್ನೇ ಬರೆಯಬೇಕು.