ಮೂರು ಗೆಲುವಿನಿಂದ ಹನ್ನೊಂದಕ್ಕೆ: ಇಂಡಿಯಾನಾ ಫುಟ್‌ಬಾಲ್ ತಂಡದ 2024

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ) ಹೊಸ ಕೋಚ್‌ಗೆ ಮೂರು ವರ್ಷವಾದರೂ ಕೊಡಬೇಕು ಎಂಬುದು ಹಳೆಯ ಲೆಕ್ಕ. ಹೈಸ್ಕೂಲ್ ಮುಗಿಸಿದ ಹುಡುಗರನ್ನು ಆರಿಸಿ ತಂದು, ಅವರ ಮೈಕಟ್ಟು ಬಲಿತು, ಕೋಚ್ ಹೇಳಿಕೊಡುವ ಆಟ ಬಾಯಿಪಾಠವಾಗಲು ಅಷ್ಟು ಕಾಲ ಬೇಕಿತ್ತು. ಇಂಡಿಯಾನಾ ವಿಶ್ವವಿದ್ಯಾಲಯದ ತಂಡ 2023ರಲ್ಲಿ 3 ಗೆದ್ದು 9 ಸೋತಿತ್ತು. ಋತು ಮುಗಿಯುತ್ತಲೇ ಹೊಸ ಕೋಚ್ ಆಗಿ ಕರ್ಟ್ ಸಿಗ್ನೆಟ್ಟಿ ಬಂದರು. ಮರುವರ್ಷ 11 ಗೆಲುವು, 2 ಸೋಲು.

ಬ್ಲೂಮಿಂಗ್ಟನ್ ಊರಿನ ಈ ತಂಡದ ಚರಿತ್ರೆಯ ತುಂಬ ಸೋಲೇ. 1945 ಮತ್ತು 1967ರಲ್ಲಿ ಗೆದ್ದ ಒಂಬತ್ತೊಂಬತ್ತು ಪಂದ್ಯಗಳೇ ಅಲ್ಲಿವರೆಗಿನ ದೊಡ್ಡ ಸಾಧನೆ. 1991ರ ನಂತರ ಒಂದು ಬೌಲ್ ಪಂದ್ಯವನ್ನೂ (ಋತುವಿನ ಕೊನೆಗೆ ಆಯ್ದ ತಂಡಗಳಿಗೆ ನಡೆಯುವ ಪಂದ್ಯ) ಗೆದ್ದಿರಲಿಲ್ಲ.

ದಾರಿ ತೆರೆದದ್ದು ನಿಯಮಗಳು. ಮೊದಲೆಲ್ಲ ಕಾಲೇಜು ಬದಲಿಸಿದ ಆಟಗಾರ ಒಂದು ವರ್ಷ ಹೊರಗೆ ಕೂರಬೇಕಿತ್ತು. 2018ರಲ್ಲಿ ಕಾಲೇಜು ಬದಲಿಸಬಯಸುವವರ ಹೆಸರು ನಮೂದಾಗುವ ಟ್ರಾನ್ಸ್‌ಫರ್ ಪೋರ್ಟಲ್ ಬಂತು. 2021ರಲ್ಲಿ ಮೊದಲ ವರ್ಗಾವಣೆಗೆ ಆ ಕಾಯುವಿಕೆ ತಪ್ಪಿತು. 2024ರ ಏಪ್ರಿಲ್‌ನಲ್ಲಿ, ಓದು ಸರಿಯಿದ್ದರೆ ಎಷ್ಟು ಬಾರಿಯಾದರೂ ಬದಲಿಸಬಹುದು ಎಂದಾಯಿತು.

ಪೋರ್ಟಲ್ ಎಲ್ಲರಿಗೂ ಇತ್ತು. ಸಿಗ್ನೆಟ್ಟಿ ಅದನ್ನು ಬಳಸಿದ ರೀತಿ ಬೇರೆ. ತಾವು 2019ರಿಂದ 52 ಪಂದ್ಯ ಗೆದ್ದು 9 ಮಾತ್ರ ಸೋತಿದ್ದ ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯದಿಂದ 13 ಆಟಗಾರರನ್ನು ಕರೆತಂದರು. ಅವರ ಜೊತೆಗೇ ಆಕ್ರಮಣ ನೋಡಿಕೊಳ್ಳುವ ಮೈಕ್ ಶಾನಹನ್, ರಕ್ಷಣೆ ನೋಡಿಕೊಳ್ಳುವ ಬ್ರಯಂಟ್ ಹೇನ್ಸ್. ಇದರ ಬೆಲೆ ತಿಳಿಯಬೇಕಾದರೆ ಪಂದ್ಯದೊಳಗೆ ಒಂದು ಸಲದ ಆಟ ಮುಗಿದು ಮುಂದಿನದು ಶುರುವಾಗುವ ನಡುವಿನ 40 ಸೆಕೆಂಡುಗಳನ್ನು ನೋಡಬೇಕು. ಆ ವರ್ಷವೇ ಹೆಲ್ಮೆಟ್ ಒಳಗೆ ಕೋಚ್‌ಗಳ ಮಾತು ಕೇಳಿಸುವ ರೇಡಿಯೊ ಬಂತು, ಮೈದಾನದಲ್ಲಿ ತಂಡಕ್ಕೊಬ್ಬ ಆಟಗಾರನಿಗೆ ಮಾತ್ರ. ಗಡಿಯಾರದಲ್ಲಿ 15 ಸೆಕೆಂಡು ಉಳಿದಾಗ ಅದು ತಾನಾಗಿ ಕಡಿತವಾಗುತ್ತದೆ. ಎದುರಾಳಿ ಆ ಮೇಲೆ ನಿಂತ ಜಾಗ ಬದಲಿಸಿದರೆ, ರಕ್ಷಣೆಯ ನಡುವೆ ನಿಲ್ಲುವ ಲೈನ್‌ಬ್ಯಾಕರ್ ತಾನೇ ಗುರುತಿಸಿ ಉಳಿದ ಹತ್ತು ಮಂದಿಗೂ ಕೂಗಿ ಹೇಳಬೇಕು. ಆ ಜಾಗದಲ್ಲಿದ್ದ ಐಡನ್ ಫಿಷರ್‌ಗೆ ಹೇನ್ಸ್‌ರ ಸಂಕೇತಗಳೆಲ್ಲ ಮೊದಲೇ ಗೊತ್ತು. ಆತ ಬ್ಲೂಮಿಂಗ್ಟನ್‌ಗೆ ಬಂದದ್ದೇ ಆ ಪಾಠ ಮುಗಿಸಿಕೊಂಡು.

ಹೀಗೆ ಸತತ ಹತ್ತು ಗೆಲುವು: ನೆಬ್ರಾಸ್ಕಾ ವಿರುದ್ಧ 56-7, ಮಿಷಿಗನ್ ವಿರುದ್ಧ 20-15. ಎದುರಾಳಿಗಳು ದುರ್ಬಲರು ಎಂಬ ಟೀಕೆಯಲ್ಲಿ ಹುರುಳಿತ್ತು. ಹಿಂದಿನ ಋತುವಿನ ಫೈನಲ್ ಆಡಿದ್ದ ಮಿಷಿಗನ್, ವಾಷಿಂಗ್ಟನ್ ಎರಡೂ ಆ ಹೊತ್ತಿಗೆ ಸೊರಗಿದ್ದವು.

ನವೆಂಬರ್ 23ರಂದು ಕೊಲಂಬಸ್‌ನಲ್ಲಿ ಒಹಾಯೊ ಸ್ಟೇಟ್ 38-15ರಿಂದ ಸೋಲಿಸಿತು. ಇಂಡಿಯಾನಾ ಇಡೀ ಪಂದ್ಯದಲ್ಲಿ ಮುಂದೆ ಸಾಗಿದ್ದು 151 ಯಾರ್ಡ್. ಆಕ್ರಮಣ ನಡೆಸುವ ಕ್ವಾರ್ಟರ್‌ಬ್ಯಾಕ್ ಕರ್ಟಿಸ್ ರೂರ್ಕ್ ಐದು ಸಲ ಚೆಂಡಿನ ಸಮೇತ ನೆಲಕ್ಕುರುಳಿದರು. ಅವರನ್ನು ಕಾಯುವ ಮುಂಚೂಣಿಯ ಐವರು ಒಂದೇ ಹೆಜ್ಜೆಯಲ್ಲಿ ಸರಿಯಬೇಕು. ಒಬ್ಬ ಅರೆಕ್ಷಣ ತಡಮಾಡಿದರೂ ಸಂದು ಬಿಡುತ್ತದೆ. ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಡುವ ಪಂಟ್‌ನಲ್ಲೂ ಎಡವಟ್ಟಾಯಿತು. ಸುಮಾರು 15 ಯಾರ್ಡ್ ಹಿಂದಕ್ಕೆ ಬರುವ ಚೆಂಡನ್ನು ಹಿಡಿದು ಒದೆಯಲು ಸಿಗುವುದು ಎರಡು ಸೆಕೆಂಡಿನಷ್ಟು. 7-7 ಇದ್ದಾಗ, ಅರ್ಧ ಮುಗಿಯುವ ಹೊತ್ತಿಗೆ, ಇಂಡಿಯಾನಾದ ಪಂಟರ್‌ಗೆ ಚೆಂಡು ಕೈಜಾರಿತು. ಸ್ಕೋರು 14-7 ಆಯಿತು. ಮೂರನೇ ಕ್ವಾರ್ಟರ್‌ನಲ್ಲಿ ಒಹಾಯೊ ಸ್ಟೇಟ್‌ನ ಕೇಲೆಬ್ ಡೌನ್ಸ್ ಇನ್ನೊಂದು ಪಂಟ್ ಹಿಡಿದು 79 ಯಾರ್ಡ್ ಓಡಿ, ಕೊನೆಯ ಗೆರೆ ದಾಟಿ ಟಚ್‌ಡೌನ್ ಹೊಡೆದರು.

ವಾರದೊಳಗೆ ಪರ್ಡ್ಯೂ ವಿರುದ್ಧ 66-0 ಗೆದ್ದು ಮೊದಲ ಬಾರಿಗೆ 12 ತಂಡಗಳೊಂದಿಗೆ ನಡೆದ ಪ್ಲೇಆಫ್‌ಗೆ (ರಾಷ್ಟ್ರೀಯ ಚಾಂಪಿಯನ್‌ನನ್ನು ತೀರ್ಮಾನಿಸುವ ಪಂದ್ಯಗಳು) ಹೋದರು. ಅಲ್ಲಿ ನೋಟರ್ ಡೇಮ್ 27-17ರಿಂದ ಮನೆಗೆ ಕಳಿಸಿತು. 2025ಕ್ಕೆ ಸಿಗ್ನೆಟ್ಟಿ ಮುಂಚೂಣಿಯ ನಡುವಿನ ಜಾಗಕ್ಕೆ ಅದೇ ನೋಟರ್ ಡೇಮ್‌ನ ಪ್ಯಾಟ್ ಕೂಗನ್‌ರನ್ನು ಪೋರ್ಟಲ್‌ನಿಂದ ತಂದರು. ಆ ಡಿಸೆಂಬರ್‌ನಲ್ಲಿ, ಈ ತಂಡಗಳು ಆಡುವ ಬಿಗ್ ಟೆನ್ ಲೀಗ್‌ನ ಫೈನಲ್‌ನಲ್ಲಿ ಇಂಡಿಯಾನಾ 13, ಒಹಾಯೊ ಸ್ಟೇಟ್ 10.